ಮರಿಯಣ್ಣನಿಗೆ ಯಾವ ಮೂಲೆ

ಒಂದು ಊರು. ಊರೆಂದರೆ ಮೊದಲು ಊರು, ಈಗ ನಗರ. ಆ ನಗರದ ಗಾಣಿಗರ ಬೀದಿಯಲ್ಲಿ ಒಬ್ಬಳು ತಾಯಿ, ಒಬ್ಬ ಮಗ. ತಾಯಿಯ ಹೆಸರು ಹೊಂಬಾಳಮ್ಮ. ಹಪ್ಪಳ ಮಾಡಿ ಮಾರುತ್ತಿದ್ದಳು. ಮಗನ ಹೆಸರು ಮರಿಯಣ್ಣ. ಮರಿಯಣ್ಣನಿಗೆ ನಲವತ್ತೆರಡು ವರ್ಷ. ಬೀದಿಯವರಿಗೆ ಅವನು ಇನ್ನೂ ಮರಿಯ.

ಮರಿಯಣ್ಣ ಕೆಟ್ಟವನಲ್ಲ. ಸೋಮಾರಿಯೂ ಅಲ್ಲ. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದನ್ನೇ ಮಾಡುತ್ತಿದ್ದ. ಹೇಳಿದ್ದನ್ನು ಬಿಟ್ಟು ಬೇರೇನೂ ಮಾಡುತ್ತಿರಲಿಲ್ಲ. ಅದೇ ಕಷ್ಟ. ಹಪ್ಪಳ ಒಣಹಾಕಿ, "ಕಾಗೆ ಬಂದ್ರೆ ಓಡ್ಸೋ" ಎಂದು ತಾಯಿ ಹೇಳಿ ಹೋದರೆ ಕಾಗೆ ಓಡಿಸಿದ. ಆಡು ಬಂದು ಹಪ್ಪಳ ತಿಂದಿತು. ಪಕ್ಕದಲ್ಲೇ ಕೂತು ನೋಡಿದ. ಆಡಿನ ವಿಷಯ ಯಾರೂ ಅವನಿಗೆ ಹೇಳಿರಲಿಲ್ಲ.

ಆಗ ತಾಯಿ ಹಣೆಗೆ ಕೈ ಇಟ್ಟುಕೊಂಡು ಹೇಳುತ್ತಿದ್ದಳು: "ಅಯ್ಯೋ ನನ್ನಪ್ಪ, ನಿನ್ನ ಇಟ್ಕೊಂಡು ನಾನು ಹೇಗೋ ಸಾಯ್ಲಿ?"

ಮರಿಯಣ್ಣ ಹೇಳುತ್ತಿದ್ದ: "ಸಾಯ್ಬೇಡಮ್ಮ."

ಇದು ನಲವತ್ತು ವರ್ಷದ ಮಾತು. ಎಲ್ಲರ ಮನೆಯಲ್ಲೂ ಇಂಥ ಒಂದು ಮಾತಿರುತ್ತದೆ. ಆದರೆ ಆ ವರ್ಷದ ದೀಪಾವಳಿ ಕಳೆದ ಮೇಲೆ ಹೊಂಬಾಳಮ್ಮನ ಕೆಮ್ಮು ನಿಲ್ಲಲಿಲ್ಲ. ಪಕ್ಕದ ಮನೆಯ ರಾಚವ್ವ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ರಾಚವ್ವ ಹೂ ಕಟ್ಟುವವಳು, ಗಂಡನಿಲ್ಲ, ಮಕ್ಕಳಿಲ್ಲ, ಬಾಯಿ ಜೋರು. ಡಾಕ್ಟರು ಎದೆಯ ಚಿತ್ರ ನೋಡಿ ರಾಚವ್ವನನ್ನು ಹೊರಗೆ ಕರೆದು ಏನೋ ಹೇಳಿದರು.

"ಏನಂದ್ರೇ?" ಎಂದಳು ಹೊಂಬಾಳಮ್ಮ, ಬಸ್ಸಿನಲ್ಲಿ.

"ಮಾತ್ರೆ ತಗೊಳ್ಳಿ ಅಂದ್ರು."

"ನಿನ್ನ ಬಾಯಿ ಇಷ್ಟು ಚಿಕ್ಕದು ಯಾವಾಗ ಆಯ್ತೇ ರಾಚಿ? ನಿಜ ಹೇಳು."

ರಾಚವ್ವ ಕಿಟಕಿಯ ಕಡೆ ತಿರುಗಿದಳು. "ಸಂಕ್ರಾಂತಿ ನೋಡ್ತಾರೆ ಅಂದ್ರು ಅಕ್ಕಾ. ಯುಗಾದಿ ಹೇಳೋಕಾಗಲ್ಲ ಅಂದ್ರು."

ಹೊಂಬಾಳಮ್ಮ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿ ಮತ್ತೆ ಕಟ್ಟಿದಳು. ಆಮೇಲೆ, "ಮರಿಯನ್ನ ಎಲ್ಲಿ ಇಡೋದೇ?" ಎಂದಳು. ತನ್ನ ಸಾವಿನ ಬಗ್ಗೆ ಕೇಳಿದ ಪ್ರಶ್ನೆ ಅದೊಂದೇ.

ಅವಳಿಗಿದ್ದದ್ದು ಒಂದು ಮನೆ. ಹೆಂಚಿನದು, ಮಣ್ಣಿನ ಗೋಡೆಯದು, ಮುಂದೆ ಒಂದು ಜಗಲಿ. ಆ ಮನೆಯನ್ನು ಯಾರಿಗಾದರೂ ಬರೆದುಕೊಡುವುದು. ಬದಲಿಗೆ ಅವರು ಅದೇ ಮನೆಯಲ್ಲಿ ಮರಿಯಣ್ಣನಿಗೆ ಒಂದು ಮೂಲೆ ಕೊಡಬೇಕು, ಎರಡು ಹೊತ್ತು ಊಟ ಹಾಕಬೇಕು. ಇಷ್ಟೇ ಅವಳ ಲೆಕ್ಕ.

ಬಸ್ ನಿಲ್ದಾಣದ ಹತ್ತಿರ ಗಾಡಿಯಲ್ಲಿ ಇಡ್ಲಿ ಮಾರುವ ಗುರುಮಲ್ಲಪ್ಪ ಒಂದು ಮೆಸ್ ತೆರೆಯಲು ಮನೆ ಹುಡುಕುತ್ತಿದ್ದ. ಒಳ್ಳೆಯವನು. "ಅಡುಗೆ ಮಾಡೋ ಮನೆ ಅಮ್ಮ, ಒಂದು ತಟ್ಟೆ ಹೆಚ್ಚಾಗುತ್ತೇನು?" ಎಂದ. ಆದರೆ ಭಯಸ್ಥ. ಹಿಂದೆ ಒಂದು ಕಡೆ ಮೆಸ್ ಇಟ್ಟು ಆರೇ ತಿಂಗಳಲ್ಲಿ ಮುಚ್ಚಿದ್ದ. ಆ ಜಾಗದ ದಿಕ್ಕು ಸರಿಯಿರಲಿಲ್ಲವೆಂದು ಆಮೇಲೆ ಯಾರೋ ಹೇಳಿದ್ದರು. ಅಂದಿನಿಂದ ದಿಕ್ಕು ನೋಡದೆ ಅವನು ಚಪ್ಪಲಿಯನ್ನೂ ಬಿಡುತ್ತಿರಲಿಲ್ಲ.

ಅವನೊಬ್ಬನೇ ಅಲ್ಲ, ಇಡೀ ಊರೇ ಹಾಗಾಗಿತ್ತು. ಹಳೆಯ ಮನೆ ಬಿದ್ದು ಹೊಸ ಕಟ್ಟಡ ಎದ್ದ ಕಡೆಯೆಲ್ಲ ಬಾಗಿಲು ಒಂದು ದಿಕ್ಕಿನಿಂದ ಇನ್ನೊಂದು ದಿಕ್ಕಿಗೆ ಹೋಗುತ್ತಿತ್ತು. ಅದೃಷ್ಟ ಬರಲೆಂದು ಬಾಗಿಲಲ್ಲಿ ಗಾಳಿಗೆ ಕಿಣಿಕಿಣಿ ಅನ್ನುವ ಕೊಳವೆ, ಮೇಜಿನ ಮೇಲೆ ಹೊಟ್ಟೆ ಬಿಟ್ಟುಕೊಂಡು ನಗುವ ಬೊಂಬೆ, ಹೊಸಿಲ ಹತ್ತಿರ ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ.

ಗುರುಮಲ್ಲಪ್ಪ ಮೊದಲು ವಾಸ್ತು ನೋಡುವ ಜೋಯಿಸರನ್ನು ಕಳಿಸಿದ. ಜೋಯಿಸರು ಮೊಬೈಲನ್ನು ಅಂಗೈ ಮೇಲೆ ಇಟ್ಟುಕೊಂಡು ಮನೆಯೆಲ್ಲ ಒಂದು ಸುತ್ತು ಬಂದರು.

"ಬಾಗಿಲು ದಕ್ಷಿಣಕ್ಕಿದೆ. ಯಮನ ದಿಕ್ಕು. ಪೂರ್ವದ ಗೋಡೆ ಒಡೆದು ಬಾಗಿಲು ಇಟ್ರೆ ಚೆನ್ನಾಗಿರುತ್ತೆ ತಾಯಿ."

"ನಾನಿರೋವರೆಗೂ ಗೋಡೆ ಬೇಡ ಸ್ವಾಮಿ. ಆ ಧೂಳು ಎದ್ರೆ ನನ್ನ ಉಸಿರು ಅಲ್ಲೇ ನಿಲ್ಲುತ್ತೆ. ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಿ."

ಜೋಯಿಸರು ಒಪ್ಪಿದರು. ಆಗ್ನೇಯದಲ್ಲಿ ಒಲೆ ಇರಲಿ, ನೈರುತ್ಯದಲ್ಲಿ ಭಾರ ಇರಲಿ, ವಾಯವ್ಯದಲ್ಲಿ ಬಂದುಹೋಗುವವರು ಇರಲಿ ಎಂದು ಒಂದೊಂದಕ್ಕೂ ಒಂದೊಂದು ಮೂಲೆ ಹೇಳಿದರು.

"ಎಲ್ಲದಕ್ಕೂ ಮೂಲೆ ಹೇಳಿದ್ರಿ. ನನ್ನ ಮಗನಿಗೆ ಯಾವ ಮೂಲೆ ಸ್ವಾಮಿ?"

ಜೋಯಿಸರು ಮರಿಯಣ್ಣನನ್ನು ನೋಡಿದರು. ಮರಿಯಣ್ಣ ಅವರ ಮೊಬೈಲಿನಲ್ಲಿ ತಿರುಗುತ್ತಿದ್ದ ಮುಳ್ಳನ್ನು ನೋಡುತ್ತಿದ್ದ. "ಅದು ಶಾಸ್ತ್ರದಲ್ಲಿ ಇಲ್ಲ ತಾಯಿ" ಎಂದರು. ಹೋಗುವಾಗ, "ನಾಳೆ ಬೆಳಿಗ್ಗೆ ಗುರುಮಲ್ಲಪ್ಪ ಬರ್ತಾನೆ. ಅಷ್ಟರಲ್ಲಿ ಈಶಾನ್ಯದ ಮೂಲೇಲಿರೋ ಭಾರ ಎಲ್ಲ ತೆಗೆದು ಖಾಲಿ ಮಾಡಿಸಿ. ಅದು ದೇವರ ಮೂಲೆ" ಎಂದರು.

ಹೊಂಬಾಳಮ್ಮ ಹೇಳಿದಳು: "ಕೇಳಿಸ್ಕೊಂಡ್ಯೇನೋ ಮರಿಯ? ಬೆಳಿಗ್ಗೆ ಎದ್ದು ಆ ಮೂಲೆ ಖಾಲಿ ಮಾಡು. ಒಂದನ್ನೂ ಬಿಡ್ಬೇಡ."

ಬೆಳಿಗ್ಗೆ ಎದ್ದ ಮರಿಯಣ್ಣ ಹಪ್ಪಳದ ಡಬ್ಬಗಳನ್ನು ತೆಗೆದ. ಅಕ್ಕಿಯ ಮೂಟೆ ತೆಗೆದ. ಒರಳು ತೆಗೆದ. ಉಳಿದದ್ದು ಒಂದು ಹಗ್ಗದ ಮಂಚ, ಅದರ ಮೇಲೆ ಕೆಮ್ಮಿನ ಔಷಧಿ ಕುಡಿದು ಮಲಗಿದ್ದ ತಾಯಿ. ಒಂದನ್ನೂ ಬಿಡಬೇಡ ಎಂದಿದ್ದಳಲ್ಲ. ತಾಯಿಯನ್ನು ಎತ್ತಿ ಜಗಲಿಯಲ್ಲಿ ಇಟ್ಟ. ಮಂಚವನ್ನು ಬೀದಿಯ ಹೊಂಗೆ ಮರದ ಕೆಳಗೆ ಹಾಕಿದ. ತಾಯಿಯನ್ನು ಮತ್ತೆ ಎತ್ತಿ ಅದರ ಮೇಲೆ ಮಲಗಿಸಿದ. ಅವಳು ಒಣಗಿದ ಹಪ್ಪಳದಷ್ಟು ಹಗುರವಾಗಿದ್ದಳು.

ಹೊಂಬಾಳಮ್ಮ ಕಣ್ಣು ಬಿಟ್ಟಾಗ ಮೇಲೆ ಆಕಾಶವಿತ್ತು. ಆಕಾಶದ ಪಕ್ಕದಲ್ಲಿ ಗುರುಮಲ್ಲಪ್ಪನ ಮುಖವಿತ್ತು.

"ಇದೇನಮ್ಮ ಇದು," ಎಂದ ಗುರುಮಲ್ಲಪ್ಪ, "ಉಸಿರಿರೋವಾಗ್ಲೇ ಹೊರಕ್ಕೆ ಹಾಕಿದ್ದಾರೆ? ಶಕುನ ಚೆನ್ನಾಗಿಲ್ಲ. ಇನ್ನೊಂದು ದಿನ ಬರ್ತೀನಿ." ಒಳಗೆ ಕಾಲಿಡದೆ ಹೊರಟುಹೋದ.

"ಅಯ್ಯೋ ನನ್ನಪ್ಪ," ಎಂದಳು ಹೊಂಬಾಳಮ್ಮ, "ನಿನ್ನ ಇಟ್ಕೊಂಡು ನಾನು ಹೇಗೋ ಸಾಯ್ಲಿ?"

"ಸಾಯ್ಬೇಡಮ್ಮ."

"ಜೀವ ಇರೋದನ್ನ ಯಾರಾದ್ರೂ ಬೀದೀಲಿ ಹಾಕ್ತಾರೇನೋ? ಜೀವ ಇರೋದು ಕಂಡ್ರೆ ಒಳಗೆ ಕರ್ಕೊಂಡು ಬಂದು, ಮಂಚದ ಮೇಲೆ ಮಲಗಿಸಿ, ಕಂಬಳಿ ಹೊದಿಸ್ಬೇಕು."

"ಸರಿ ಅಮ್ಮ. ಹಾಗೇ ಮಾಡ್ತೀನಿ."

ಹಾಗೇ ಮಾಡಿದ. ಐದು ದಿನ ಕಳೆದು ಗುರುಮಲ್ಲಪ್ಪ ಹೆಂಡತಿಯನ್ನೂ ಕರೆದುಕೊಂಡು ಬಂದ. ಹೊಂಬಾಳಮ್ಮ ಬಚ್ಚಲಲ್ಲಿದ್ದಳು. ಒಳಗೆ ಮಂಚದ ಮೇಲೆ ಕಂಬಳಿ ಹೊದ್ದು ಯಾರೋ ಮಲಗಿದ್ದರು.

"ಪಾಪ, ಹಿರಿಯರು. ನಿದ್ದೆ ಬಂದಿದೆ" ಎಂದು ಗುರುಮಲ್ಲಪ್ಪನ ಹೆಂಡತಿ ಬಗ್ಗಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಕಾಲು ಹಿಂದಕ್ಕೆ ಹೋಯಿತು. ಕಂಬಳಿ ಗುರ್ ಎಂದಿತು. ಕಜ್ಜಿ ಹಿಡಿದ ಬೀದಿನಾಯಿಯೊಂದು ಕಂಬಳಿಯಿಂದ ತಲೆ ಹೊರಗೆ ಹಾಕಿ ಅವಳನ್ನು ನೋಡಿತು.

"ಜೀವ ಇತ್ತು" ಎಂದ ಮರಿಯಣ್ಣ. "ಬೀದೀಲಿತ್ತು."

ಗುರುಮಲ್ಲಪ್ಪನ ಹೆಂಡತಿ ಹೊಸಿಲನ್ನು ಒಂದೇ ನೆಗೆತಕ್ಕೆ ದಾಟಿದಳು. ಆ ದಿನವೂ ಮಾತು ಮುಂದಕ್ಕೆ ಹೋಗಲಿಲ್ಲ. ರಾಚವ್ವ ಕಂಬಳಿಯನ್ನು ಬಿಸಿನೀರಲ್ಲಿ ನೆನೆಹಾಕುತ್ತಾ, "ಆ ನಾಯಿಗಾದ್ರೂ ಬುದ್ಧಿ ಇದೆ, ನಮಸ್ಕಾರ ತಗೊಳ್ಳಲಿಲ್ಲ" ಎಂದಳು.

ಹೊಂಬಾಳಮ್ಮ ನಗಲು ಹೋಗಿ ಕೆಮ್ಮಿದಳು. "ಅಯ್ಯೋ ನನ್ನಪ್ಪ, ನಿನ್ನ ಇಟ್ಕೊಂಡು ನಾನು ಹೇಗೋ ಸಾಯ್ಲಿ?"

"ಸಾಯ್ಬೇಡಮ್ಮ."

"ಪ್ರಾಣಿನ ಮನೆಗೆ ಸೇರಿಸ್ಬಾರ್ದು ಕಣೋ. ಹೊಸಿಲ ಹತ್ರ ಪ್ರಾಣಿ ಕಂಡ್ರೆ ಕೋಲು ತಗೊಂಡು ಒಂದು ಬಾರಿಸ್ಬೇಕು."

"ಸರಿ ಅಮ್ಮ. ಹಾಗೇ ಮಾಡ್ತೀನಿ."

ಸಂಕ್ರಾಂತಿ ಬಂತು, ಹೋಯಿತು. ಹೊಂಬಾಳಮ್ಮ ಎಳ್ಳುಬೆಲ್ಲ ಬೀರಲು ಎದ್ದು ನಿಲ್ಲಲಿಲ್ಲ. ಮಂಚದ ಮೇಲೆ ಕೂತೇ ಬೀದಿಯ ಮಕ್ಕಳ ಕೈಗೆ ಹಾಕಿದಳು. ಗುರುಮಲ್ಲಪ್ಪನಿಗೂ ಹೇಳಿ ಕಳಿಸಿದಳು. ಅವನಿಗೆ ಮನಸ್ಸಿನಲ್ಲಿ ಏನೋ ಆಗಿರಬೇಕು. ಮರುದಿನ ಒಬ್ಬನೇ ಬಂದ. ಕೈಯಲ್ಲಿ ಒಂದು ಪೊಟ್ಟಣವಿತ್ತು. ಬಿಚ್ಚಿದರೆ ಪಿಂಗಾಣಿಯ ಕಪ್ಪೆ. ಮೂರು ಕಾಲು, ಬಾಯಲ್ಲಿ ನಾಣ್ಯ.

"ಅಮ್ಮ, ನನ್ನ ಮನಸ್ಸು ಒಪ್ಪಿದೆ. ಹೆಂಡ್ತಿ ಮನಸ್ಸು ಒಪ್ಪಬೇಕಲ್ಲ. ಇದನ್ನ ಹೊಸಿಲ ಹತ್ರ ಇಡ್ತೀನಿ. ಮೂರು ದಿನ ಇರ್ಲಿ. ಇದಕ್ಕೇನೂ ಆಗ್ಲಿಲ್ಲ ಅಂದ್ರೆ ಮನೆ ತಗೊಂಡೆ ಅಂತ ತಿಳ್ಕೊಳ್ಳಿ. ಮರಿಯಂಗೆ ಒಂದು ಮೂಲೆ, ಎರಡು ಹೊತ್ತು ಊಟ. ನನ್ನ ಮಾತು."

ಹೊಂಬಾಳಮ್ಮ ಮಲಗಿದ್ದಲ್ಲಿಂದಲೇ ಕೈಮುಗಿದಳು. ಗುರುಮಲ್ಲಪ್ಪ ಕಪ್ಪೆಯನ್ನು ಹೊಸಿಲ ಪಕ್ಕದಲ್ಲಿ, ಮುಖ ಮನೆಯ ಒಳಗೆ ಮಾಡಿ ಇಟ್ಟ. ಒಳಗೆ ಬಂದ. ರಾಚವ್ವ ಅವನಿಗೆ ಚಾಪೆ ಹಾಸಿದಳು. ಅವನು ಇನ್ನೂ ಕೂತಿರಲಿಲ್ಲ, ಬಾಗಿಲ ಕಡೆ ಟಪ್ ಎಂದು ಸದ್ದಾಯಿತು.

ಮರಿಯಣ್ಣ ಕೋಲು ಹಿಡಿದು ನಿಂತಿದ್ದ. "ಹೊಸಿಲ ಹತ್ರ ಬಂದಿತ್ತಮ್ಮ. ಒಂದೇ ಬಾರಿಸಿದ್ದು."

ಗುರುಮಲ್ಲಪ್ಪ ಚೂರುಗಳನ್ನು ನೋಡಿದ. ನಾಣ್ಯ ಉರುಳಿ ಚರಂಡಿಯ ಬಾಯಿಯಲ್ಲಿ ನಿಂತಿತ್ತು. "ನಾನೇನು ಮಾಡ್ಲಮ್ಮ," ಎಂದ. ಅವನ ಕಣ್ಣಲ್ಲಿ ನೀರಿತ್ತು. "ನಾನು ಹೆದರೋ ಮನುಷ್ಯ." ಚಪ್ಪಲಿ ಹಾಕಿಕೊಂಡು ಹೋದ.

ಆ ಸಲ ಹೊಂಬಾಳಮ್ಮ ಬಹಳ ಹೊತ್ತು ಬೈಯಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿದ್ದಳು. ಮರಿಯಣ್ಣ ಮಂಚದ ಪಕ್ಕ ನಿಂತೇ ಇದ್ದ. ಬೈಗುಳ ಬರುವವರೆಗೆ ಅವನಿಗೆ ಊಟ ಇಳಿಯುತ್ತಿರಲಿಲ್ಲ. ಕೊನೆಗೆ ಅವಳೇ ತಿರುಗಿದಳು.

"ಅಯ್ಯೋ ನನ್ನಪ್ಪ, ನಿನ್ನ ಇಟ್ಕೊಂಡು ನಾನು ಹೇಗೋ ಸಾಯ್ಲಿ?"

"ಸಾಯ್ಬೇಡಮ್ಮ."

"ಮನೆ ನೋಡೋಕೆ ಬಂದೋರಿಗೆ ಕೋಲು ತೋರಿಸ್ಬಾರ್ದು. ಕೈಮುಗಿದು, ಒಳಗೆ ಕರೆದು, 'ಎಲ್ಲ ನಿಮ್ಮದೇ ಅಂದ್ಕೊಳ್ಳಿ' ಅನ್ಬೇಕು."

"ಸರಿ ಅಮ್ಮ. ಹಾಗೇ ಮಾಡ್ತೀನಿ."

ಮನೆ ನೋಡಲು ಬಂದವನು ಬೇರೆ. ಹಳೆಯ ಬಾಗಿಲು, ಕಿಟಕಿ, ಕಂಬ ಕೊಳ್ಳುವವನು. ಬೀಳುವ ಮನೆಗಳ ಮುಂದೆ ಗೂಡ್ಸ್ ಆಟೋ ನಿಲ್ಲಿಸಿಕೊಂಡು ಕಾಯುವವನು. ಆ ಬಾಗಿಲುಗಳು ಊರಾಚೆಯ ದೊಡ್ಡ ಹೋಟೆಲುಗಳಿಗೆ ಹೋಗುತ್ತವೆ. ಅಲ್ಲಿ ಅವುಗಳನ್ನು ಗೋಡೆಗೆ ಒರಗಿಸಿ ಇಡುತ್ತಾರೆ, ಯಾರೂ ತೆರೆಯುವುದಿಲ್ಲ, ಯಾರೂ ಮುಚ್ಚುವುದಿಲ್ಲ. ರಾಚವ್ವನೊಂದಿಗೆ ಹೊಂಬಾಳಮ್ಮ ಆಸ್ಪತ್ರೆಗೆ ಹೋಗಿದ್ದಾಗ ಅವನು ಬಂದ. ಹಲಸಿನ ಮರದ ಬಾಗಿಲನ್ನು ಬೆರಳಿಂದ ತಟ್ಟಿ ನೋಡಿದ.

ಮರಿಯಣ್ಣ ಕೈಮುಗಿದ. "ಬನ್ನಿ. ಎಲ್ಲ ನಿಮ್ಮದೇ ಅಂದ್ಕೊಳ್ಳಿ."

"ಬಾಗಿಲು?"

"ನಿಮ್ಮದೇ ಅಂದ್ಕೊಳ್ಳಿ."

ಅಂದುಕೊಂಡ. ಎರಡು ಪ್ಲಾಸ್ಟಿಕ್ ಬಕೆಟ್ ಕೊಟ್ಟು ಬಾಗಿಲು ಕಿತ್ತುಕೊಂಡು ಹೋದ. ಮರಿಯಣ್ಣ ಒಂದು ಕಡೆ ಹಿಡಿದು ಆಟೋಗೆ ಏರಿಸಿಕೊಟ್ಟ.

ಆಸ್ಪತ್ರೆಯಿಂದ ಬಂದು ಆಟೋ ಇಳಿದ ಹೊಂಬಾಳಮ್ಮ ನೋಡಿದಳು. ಚೌಕಟ್ಟಿತ್ತು, ಹೊಸಿಲಿತ್ತು, ನಡುವೆ ಬಾಗಿಲಿರಲಿಲ್ಲ. ಬೀದಿಯಿಂದ ಒಲೆಯವರೆಗೂ ಕಾಣುತ್ತಿತ್ತು. ಹೊಂಬಾಳಮ್ಮ ಹೊಸಿಲ ಮೇಲೆ ಕೂತಳು. ಅದರ ಮೇಲೆ ಬೆಳಿಗ್ಗೆ ಅವಳೇ ಹಚ್ಚಿಸಿದ ಅರಿಶಿನವಿತ್ತು.

"ಅಯ್ಯೋ ನನ್ನಪ್ಪ, ನಿನ್ನ ಇಟ್ಕೊಂಡು ನಾನು ಹೇಗೋ ಸಾಯ್ಲಿ?"

"ಸಾಯ್ಬೇಡಮ್ಮ."

"ಇನ್ನು ಬಾಗಿಲು ಎಲ್ಲಿಂದ ತರ್ಲಿ? ನೀನೇ ಬಾಗಿಲು. ಈ ಹೊಸಿಲ ಮೇಲೆ ಕೂತಿರು. ಒಳಗಿರೋದು ಯಾವುದೂ ಹೊರಕ್ಕೆ ಹೋಗ್ಕೂಡ್ದು. ಯಾರು ಬಂದು ಏನು ಹೇಳಿದ್ರೂ ಏಳ್ಬೇಡ. ನಾನು ಹೇಳಿದ್ರೆ ಮಾತ್ರ ಏಳು."

"ಸರಿ ಅಮ್ಮ. ಹಾಗೇ ಮಾಡ್ತೀನಿ."

ಚೌಕಟ್ಟಿಗೆ ಒಂದು ಹಳೇ ಸೀರೆ ಕಟ್ಟಿದರು. ಸೀರೆಯ ಈಚೆ ಹೊಸಿಲ ಮೇಲೆ ಮರಿಯಣ್ಣ ಕೂತ. ರಾಚವ್ವ ಬೆಳಿಗ್ಗೆ ಕಾಫಿ ತರುವಾಗ ಒಳಗೆ ಬಿಡುತ್ತಿದ್ದ. ಹೋಗುವಾಗ ತಡೆಯುತ್ತಿದ್ದ.

"ಚಿಕ್ಕಮ್ಮ, ಲೋಟ ಒಳಗಿಂದ ಬಂತು."

"ನನ್ನ ಲೋಟ ಕಣೋ. ಈಗ ತಾನೆ ನಿನ್ನ ಕಣ್ಮುಂದೇನೇ ತಂದೆ."

"ಅಮ್ಮ ಹೇಳ್ಲಿ."

"ಅವಳದೇ ಕಣೋ, ಬಿಡು" ಎಂದು ಒಳಗಿನಿಂದ ಹೊಂಬಾಳಮ್ಮ ಹೇಳಬೇಕು. ಆಮೇಲೆ ಲೋಟ ದಾಟಬೇಕು.

ಎಂಟು ದಿನ ಹೀಗೆ ಕೂತ. ಒಂದು ಚಮಚವೂ ಮನೆಯಿಂದ ಆಚೆ ಹೋಗಲಿಲ್ಲ. ಒಂಬತ್ತನೆಯ ದಿನ ಬೆಳಿಗ್ಗೆ ಹೊಂಬಾಳಮ್ಮ ಮಂಚದಿಂದ ಅವನ ಬೆನ್ನನ್ನು ನೋಡುತ್ತಾ ಮಲಗಿದ್ದಳು. ತೆಳುವಾದ ಸೀರೆಯಲ್ಲಿ ಬೆನ್ನು ನೆರಳಾಗಿ ಕಾಣುತ್ತಿತ್ತು.

"ಮರಿಯ."

"ಅಮ್ಮ."

"ಚೆನ್ನಾಗಿ ಮಾಡ್ತಿದ್ದೀಯ ಕಣೋ."

ಹುಟ್ಟಿದಂದಿನಿಂದ ಅವನು ಆ ಮಾತು ಕೇಳಿರಲಿಲ್ಲ. ಇನ್ನಷ್ಟು ನೆಟ್ಟಗೆ ಕೂತ. ಬಿಸಿಲು ಜಗಲಿಗೆ ಬರುವ ಹೊತ್ತಿಗೆ ರಾಚವ್ವ ಗಂಜಿ ತಂದಳು. ಒಳಗೆ ಹೋದಳು. ಗಂಜಿಯ ಬಟ್ಟಲನ್ನು ನೆಲದ ಮೇಲಿಟ್ಟು ಹೊಂಬಾಳಮ್ಮನ ಕಣ್ಣು ಮುಚ್ಚಿದಳು.

ಬೀದಿಯವರು ಬಂದರು. ಮರಿಯಣ್ಣನನ್ನು ದಾಟಿ ಒಳಗೆ ಹೋದರು. ಅವನು ಬಿಟ್ಟ. ಒಳಗೆ ಬರುವವರ ವಿಷಯ ತಾಯಿ ಏನೂ ಹೇಳಿರಲಿಲ್ಲ. ನೀರು ಹಾಕಿದರು, ಸೀರೆ ಉಡಿಸಿದರು. ಬಿದಿರು ತಂದು ಚಟ್ಟ ಕಟ್ಟಿದರು. ನಾಲ್ವರು ಹೆಗಲು ಕೊಟ್ಟು ಎತ್ತಿ ಬಾಗಿಲವರೆಗೆ ಬಂದರು. ಮರಿಯಣ್ಣ ಎರಡು ಕೈಯಲ್ಲಿ ಎರಡು ಕಡೆಯ ಚೌಕಟ್ಟು ಹಿಡಿದ.

"ಒಳಗಿರೋದು ಹೊರಕ್ಕೆ ಹೋಗ್ಕೂಡ್ದು."

"ಏಳಪ್ಪ ಮರಿಯ. ಅಮ್ಮ ತೀರ್ಕೊಂಡ್ರು."

"ಅಮ್ಮ ಹೇಳಿದ್ರೆ ಏಳ್ತೀನಿ."

"ಅಮ್ಮ ಇನ್ನು ಹೇಳಲ್ಲ ಕಣೋ."

"ಹೇಳೋವರೆಗೂ ಏಳಲ್ಲ."

ಒಬ್ಬ ಸಮಾಧಾನ ಹೇಳಿದ. ಒಬ್ಬ ಗದರಿದ. ಒಬ್ಬ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದ. ಬಿಡಿಸಿದ ಬೆರಳು ಮತ್ತೆ ಹಿಡಿಯುತ್ತಿತ್ತು. ಹೆಗಲ ಮೇಲೆ ಭಾರ ಹೊತ್ತವರು ಎಷ್ಟು ಹೊತ್ತು ನಿಲ್ಲುತ್ತಾರೆ? ಅವರಲ್ಲೊಬ್ಬ, "ಎರಡು ಬಿಟ್ರೆ ಸರಿಹೋಗ್ತಾನೆ" ಎಂದು ಕೈ ಎತ್ತಿದ.

"ಮುಟ್ಬೇಡಿ," ಎಂದಳು ರಾಚವ್ವ. ಎಲ್ಲರೂ ತಿರುಗಿದರು. "ಇವತ್ತಿನ ನಕ್ಷತ್ರ ಸರಿಯಿಲ್ಲ. ಮುಂಬಾಗಿಲಿಂದ ತೆಗೆಯೋ ಹಾಗಿಲ್ಲ. ಗೋಡೆ ಒಡೆದೇ ತೆಗೀಬೇಕು."

ಅಂಥದ್ದೊಂದು ಪದ್ಧತಿ ಇದೆ. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಹೆಣವನ್ನು ಬಾಗಿಲಿಂದ ತೆಗೆಯುವುದಿಲ್ಲ, ಗೋಡೆ ಒಡೆದು ತೆಗೆಯುತ್ತಾರೆ. ಹಿರಿಯರು ಜೋಯಿಸರ ಕಡೆ ನೋಡಿದರು. ಜೋಯಿಸರೂ ಬಂದಿದ್ದರು, ಜಗಲಿಯ ಕೊನೆಯಲ್ಲಿ ನಿಂತಿದ್ದರು. ಅವರು ಮೊಬೈಲ್ ತೆಗೆದು ಆ ದಿನದ ಪಂಚಾಂಗ ನೋಡಿದರು. ನಕ್ಷತ್ರ ಚೆನ್ನಾಗಿಯೇ ಇತ್ತು. ರಾಚವ್ವನ ಮುಖ ನೋಡಿದರು. ಚೌಕಟ್ಟು ಹಿಡಿದ ಕೈಗಳನ್ನು ನೋಡಿದರು. ಮೊಬೈಲನ್ನು ಜೇಬಿಗೆ ಹಾಕಿಕೊಂಡರು.

"ಹೌದು," ಎಂದರು. "ಸರಿಯಿಲ್ಲ. ಪೂರ್ವದ ಗೋಡೆ ಒಡೀರಿ."

ಗುದ್ದಲಿ ತಂದರು. ಮಣ್ಣಿನ ಗೋಡೆ, ಬೇಗ ಬಿತ್ತು. ಮನೆ ತುಂಬ ಧೂಳೆದ್ದಿತು. ಕೆಮ್ಮುವವರು ಯಾರೂ ಇರಲಿಲ್ಲ. ಪೂರ್ವದ ಸಂದಿಯಿಂದ ಹೊಂಬಾಳಮ್ಮನನ್ನು ತೆಗೆದುಕೊಂಡು ಹೋದರು. ಮರಿಯಣ್ಣ ಬೀದಿಯ ಕಡೆ ಮುಖ ಮಾಡಿ ಹೊಸಿಲ ಮೇಲೆ ಕೂತೇ ಇದ್ದ. ಜೋಯಿಸರು ಅವನ ಮುಂದೆ ಬಗ್ಗಿ, ಜಗಲಿಯ ಕೆಳಗಿನ ಮಣ್ಣನ್ನು ಒಂದು ಹಿಡಿ ಎತ್ತಿ, ಅವನ ಕೈ ಮುಟ್ಟಿಸಿದರು.

"ಯಾತಕ್ಕೆ ಸ್ವಾಮಿ?"

"ಬೇಕು ಕಣಪ್ಪ."

ಮರಿಯಣ್ಣ ಯೋಚನೆ ಮಾಡಿದ. "ಇದು ಒಳಗಿನ ಮಣ್ಣಲ್ಲ. ಹೊರಗಿಂದು. ತಗೊಂಡು ಹೋಗಿ."

ಮಗ ಹಾಕಬೇಕಾದ ಮಣ್ಣು ಹಾಗೆ ಹೋಯಿತು.

ಹನ್ನೊಂದನೆಯ ದಿನ ಕಳೆಯಿತು. ಜೋಯಿಸರು ತಾವಾಗಿಯೇ ಗುರುಮಲ್ಲಪ್ಪನ ಇಡ್ಲಿ ಗಾಡಿಗೆ ಹೋದರು. "ನಾನು ಒಂದು ಸುಳ್ಳು ಹೇಳಿದೀನಿ. ಆ ದಿನ ನಕ್ಷತ್ರ ಚೆನ್ನಾಗಿತ್ತು. ಮನೆಗೆ ದೋಷ ಇಲ್ಲ. ಈಗ ಪೂರ್ವಕ್ಕೆ ಬಾಗಿಲಿಗೆ ಜಾಗಾನೂ ಆಗಿದೆ. ಹೆದರ್ಬೇಡ, ತಗೋ" ಎಂದರು. ಹೊಂಬಾಳಮ್ಮ ಸಾಯುವ ಮೊದಲೇ ಬರೆಸಿಟ್ಟಿದ್ದ ಮನೆಯ ಕಾಗದ ರಾಚವ್ವನ ಹತ್ತಿರ ಇತ್ತು. ಮನೆ ಗುರುಮಲ್ಲಪ್ಪನದಾಯಿತು. ಪೂರ್ವಕ್ಕೆ ಹೊಸ ಬಾಗಿಲು ಬಂತು. ಮೆಸ್ಸಿನ ಅಡುಗೆಗೆ ರಾಚವ್ವ ಸೇರಿದಳು. ಇನ್ನುಳಿದದ್ದು ದಕ್ಷಿಣದ ಬಾಗಿಲು. ಅದನ್ನು ಇಟ್ಟಿಗೆಯಿಂದ ಮುಚ್ಚಬೇಕು. ಅಲ್ಲಿ ಮರಿಯಣ್ಣ ಕೂತಿದ್ದ.

ಗುರುಮಲ್ಲಪ್ಪ ಹೇಳಿದ: "ಮರಿಯಣ್ಣ, ಒಳಗೆ ನಿಂಗೇ ಅಂತ ಒಂದು ಮೂಲೆ ಬಿಟ್ಟಿದೀನಿ. ಬಾ."

"ಅಮ್ಮ ಹೇಳ್ಬೇಕು."

"ಅಮ್ಮ ಎಲ್ಲಿದ್ದಾರೋ?"

ಮರಿಯಣ್ಣ ಅವನನ್ನು ಕನಿಕರದಿಂದ ನೋಡಿದ. ಇಷ್ಟೂ ತಿಳಿಯದವನು ಮೆಸ್ ಹೇಗೆ ನಡೆಸುತ್ತಾನೆ ಎನ್ನುವ ಹಾಗೆ. "ಒಳಗೇ ಇದ್ದಾಳೆ," ಎಂದ. "ನಾನು ಎದ್ದೇ ಇಲ್ಲ. ಯಾರನ್ನೂ ಹೊರಕ್ಕೆ ಬಿಟ್ಟಿಲ್ಲ."

ಗಾರೆಯವನು ಅವನ ಬೆನ್ನ ಹಿಂದೆಯೇ ಇಟ್ಟಿಗೆ ಕಟ್ಟತೊಡಗಿದ. ರಾಚವ್ವ ಒಳಗಿನಿಂದ, "ಎರಡು ಇಟ್ಟಿಗೆ ಜಾಗ ಬಿಡಪ್ಪ, ತಟ್ಟೆ ಕೊಡೋಕೆ" ಎಂದಳು. ಕೂತವನ ಭುಜದ ಮಟ್ಟಕ್ಕೆ ಒಂದು ಕಿಂಡಿ ಉಳಿಯಿತು. ಮೇಲೆ ಮಳೆಗೆ ಒಂದು ತಗಡು ಹಾಕಿದರು. ಜೋಯಿಸರು ಬಂದು ನೋಡಿದರು. ಅದು ಮನೆಯ ಒಳಗೂ ಅಲ್ಲ, ಪೂರಾ ಹೊರಗೂ ಅಲ್ಲ. ಮೂಲೆಯೂ ಅಲ್ಲ. "ಇದಕ್ಕೆ ದೋಷ ಹೇಳೋಕೆ ನನಗೆ ಬರಲ್ಲ" ಎಂದು ಹೋದರು.

ರಾತ್ರಿ ಬಂದರೆ ಅದೇ ಜಗಲಿಯಲ್ಲಿ ಮಲಗುತ್ತಿದ್ದ. ಬೀದಿ ನಲ್ಲಿಗೆ ಹೋದರೆ ಹಿಂದೆ ತಿರುಗಿ ನೋಡುತ್ತಲೇ ಹೋಗಿ, ಓಡಿ ಬರುತ್ತಿದ್ದ. ಹಿಂದೆ ಗೋಡೆಯಿತ್ತಲ್ಲ, ಸ್ವಲ್ಪ ಧೈರ್ಯ. ಮಧ್ಯಾಹ್ನ ಕಿಂಡಿಯಿಂದ ತಟ್ಟೆ ಬರುತ್ತಿತ್ತು. ಅರ್ಧ ಉಣ್ಣುತ್ತಿದ್ದ. ಉಳಿದರ್ಧವನ್ನು, "ಅಮ್ಮನಿಗೆ" ಎಂದು ಕಿಂಡಿಯಿಂದ ಒಳಗೆ ತಳ್ಳುತ್ತಿದ್ದ.

ಒಂದು ಮಾತ್ರ ಬದಲಾಯಿತು. ಮರಿಯಣ್ಣನನ್ನು ಯಾರೂ ಬೈಯುತ್ತಿರಲಿಲ್ಲ. ಜಗಲಿಗೆ ಒರಗಿಸಿದ್ದ ಮೆಸ್ಸಿನ ಹೊಸ ಬೋರ್ಡನ್ನು, ಧೂಳು ಕೂತಿದೆ ಒರೆಸು ಎಂದು ಯಾರೋ ಅಂದದ್ದಕ್ಕೆ, ಬಣ್ಣ ಆರುವ ಮೊದಲೇ ಒರೆಸಿದ. ಅಕ್ಷರವೆಲ್ಲ ಹೋಯಿತು. ಆಮೇಲೆ ಗುರುಮಲ್ಲಪ್ಪನ ಮುಖ ನೋಡುತ್ತಾ ಬೈಗುಳಕ್ಕೆ ಕಾದ. "ಹೋಗ್ಲಿ ಬಿಡು ಮರಿಯಣ್ಣ" ಎಂದ ಗುರುಮಲ್ಲಪ್ಪ. ಬೀದಿಯವರೂ ಹಾಗೇ. ಪಾಪ, ತಾಯಿಯಿಲ್ಲದವನು. ಹೋಗ್ಲಿ ಬಿಡು. ಹೋಗಲಿ ಬಿಡುವುದು ಎಂದರೆ ಏನು ಮಾಡುವುದೆಂದು ಅವನಿಗೆ ಗೊತ್ತಾಗಲಿಲ್ಲ. ಮುಂದಿನ ಸಲ ಏನು ಮಾಡಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಬರಬರುತ್ತಾ ಅವನು ಏನೂ ಮಾಡದೆ ಕೂತ. ತಟ್ಟೆಯಲ್ಲಿ ಅರ್ಧ ಉಣ್ಣುತ್ತಿದ್ದವನು ಕಾಲು ಭಾಗ ಉಂಡ.

ಯುಗಾದಿ ಕಳೆದು ಒಂದು ವಾರವಾಗಿತ್ತು. ಮೆಸ್ಸಿನಲ್ಲಿ ಜನವೋ ಜನ. ರಾಚವ್ವನಿಗೆ ಒಲೆಯ ಮುಂದೆ ತಲೆ ಸುತ್ತುವಷ್ಟು ಕೆಲಸ. ಕಿಂಡಿಯಿಂದ ತಟ್ಟೆ ಬಂತು. ಅನ್ನ ಕಲಸಿ ಹಾಗೇ ಬಿಟ್ಟಿತ್ತು, ಸಾರು ಅವಳ ಸೀರೆಗೆ ಚೆಲ್ಲಿತು. ಅವಳಿಗೆ ತಾನು ಯಾರನ್ನು ಬೈಯುತ್ತಿದ್ದೇನೆ ಎನ್ನುವುದು ಮರೆತುಹೋಯಿತು.

"ಏನೋ ಇದು, ಎಂಜಲು ತಟ್ಟೆನ ಹೀಗೆ ತಳ್ತಾರೇನೋ? ತಟ್ಟೆ ಅಂದ್ರೆ ಚೆನ್ನಾಗಿ ತೊಳೆದು, ಒರೆಸಿ, ಒಳಗೆ ಕೊಡ್ಬೇಕು."

ಕಿಂಡಿಯ ಆಚೆಯಿಂದ ಮಾತು ಬಂತು, ಬಹಳ ದಿನದ ಮೇಲೆ ಬಾಯಿ ತೆರೆದವನ ಮಾತು:

"ಸರಿ ಅಮ್ಮ. ಹಾಗೇ ಮಾಡ್ತೀನಿ."

ರಾಚವ್ವ ಸೌಟು ಹಿಡಿದು ನಿಂತಲ್ಲೇ ನಿಂತಳು.

ಮರುದಿನ ಮಧ್ಯಾಹ್ನ ಅವಳು ತಟ್ಟೆ ತುಂಬ ಬಿಸಿ ಅನ್ನ ಹಾಕಿ, ಹುರುಳಿ ಸಾರು ಹಾಕಿ, ಪಕ್ಕದಲ್ಲಿ ಎರಡು ಹಪ್ಪಳ ಇಟ್ಟು ಕಿಂಡಿಯಿಂದ ಕೊಟ್ಟಳು. ಮರಿಯಣ್ಣ ಎರಡು ಕೈಯಿಂದ ತೆಗೆದುಕೊಂಡ. ಬೀದಿ ನಲ್ಲಿಗೆ ಹೋದ. ಅನ್ನ, ಸಾರು, ಹಪ್ಪಳ, ಎಲ್ಲವನ್ನೂ ಚರಂಡಿಗೆ ಬಿಟ್ಟು, ತಟ್ಟೆಯನ್ನು ಚೆನ್ನಾಗಿ ತೊಳೆದ. ಅಂಗಿಯ ಅಂಚಿನಿಂದ ಒರೆಸಿದ. ಬೆಳಕಿಗೆ ಹಿಡಿದು ನೋಡಿ ಇನ್ನೊಮ್ಮೆ ಒರೆಸಿದ. ಓಡಿ ಬಂದು ಕಿಂಡಿಯಿಂದ ಒಳಗೆ ಕೊಟ್ಟ. ಹೊಸಿಲ ಮೇಲೆ ನೆಟ್ಟಗೆ ಕೂತು, ಕಿವಿಯನ್ನು ಕಿಂಡಿಗೆ ಹತ್ತಿರ ಮಾಡಿ, ಹಸಿದುಕೊಂಡು ಕಾದ.

ರಾಚವ್ವ ಫಳಫಳ ಹೊಳೆಯುವ ತಟ್ಟೆಯನ್ನು ನೋಡಿದಳು. ಅದರಲ್ಲಿ ಅವಳ ಮುಖ ಕಾಣುತ್ತಿತ್ತು. ಮತ್ತೆ ಅನ್ನ ಹಾಕಿದಳು, ಸಾರು ಹಾಕಿದಳು, ಹಪ್ಪಳ ಇಟ್ಟಳು. ಸೆರಗಿನಿಂದ ಕಣ್ಣೊರೆಸಿಕೊಂಡು ಕಿಂಡಿಯ ಹತ್ತಿರ ಬಾಯಿಟ್ಟಳು.

"ಅಯ್ಯೋ ನನ್ನಪ್ಪ," ಎಂದಳು, "ನಿನ್ನ ಇಟ್ಕೊಂಡು ನಾನು ಹೇಗೋ ಸಾಯ್ಲಿ?"

"ಸಾಯ್ಬೇಡಮ್ಮ" ಎಂದ ಮರಿಯಣ್ಣ, ತಟ್ಟೆಗೆ ಕೈ ಚಾಚುತ್ತಾ.